ಬಾನೆವಿಲ್ಲಾ, ಕಮಾಂಡೋನಾ?

ಎಲ್ರಿಗೂ ನಮಸ್ಕಾರ. ಹೋದ್ಸಲ ಇಲ್ಲೇ ಊಟದ ಸಾಲಲ್ಲಿ ಯಾರೋ ಒಬ್ರು "ಟ್ರಯಂಫೋ ನಾರ್ಟನ್ನೋ, ಎರಡೂ ಒಂದೇ ಬಿಡಿ ಸಾರ್, ಎರಡೂ ಆಯಿಲ್ ಸೋರ್ತವೆ" ಅಂದ್ರು. ಹೋಳಿಗೆ ಗಂಟ್ಲಲ್ಲಿ ಇಳೀಲಿಲ್ಲ ನಂಗೆ. ಎರಡೂ ಇಂಗ್ಲೆಂಡಿನ ಹಳೇ ಮೋಟಾರ್‌ಸೈಕಲ್ ಕಂಪನಿಗಳು, ಟ್ರಯಂಫ್‌ದು ಬಾನೆವಿಲ್, ನಾರ್ಟನ್‌ದು ಕಮಾಂಡೋ. ಅದಕ್ಕೇ ಇವತ್ತು ಮೈಕ್ ಹಿಡ್ದಿರೋದು.

ನಾವು ಕೂತಿರೋದು ಕೋವೆಂಟ್ರಿಲಿ. ಪಕ್ಕದ ಮೆರಿಡನ್‌ನಲ್ಲಿ ಟ್ರಯಂಫ್ ಫ್ಯಾಕ್ಟರಿ ಇದ್ದ ಜಾಗದಲ್ಲಿ ಈಗ ಮನೆಗಳು, ಒಂದು ರಸ್ತೆ ಹೆಸರು ಬಾನೆವಿಲ್ ಕ್ಲೋಸ್. ಅಲ್ಲಿಂದ್ಲೇ 1959ರ ಮಾಡೆಲ್ ಆಗಿ ಟಿ120 ಬಾನೆವಿಲ್ ಬಂದಿದ್ದು, 649 ಸಿಸಿ, ಎರಡು ಕಾರ್ಬ್ಯುರೇಟರು. ಕಮಾಂಡೋ 1967ರಲ್ಲಿ ಲಂಡನ್ ಶೋನಲ್ಲಿ ಕಾಣಿಸ್ಕೊಳ್ತು, 745 ಸಿಸಿ. ಇಬ್ರಿಗೂ ಕಾಯಿಲೆ ಒಂದೇ, ಎರಡು ಪಿಸ್ಟನ್ನೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ, ನಡುಗ್ದೆ ಇನ್ನೇನಾಗುತ್ತೆ? ಟ್ರಯಂಫ್‌ನವ್ರು ಸಹಿಸ್ಕೊಳ್ಳಿ ಅಂದ್ರು. ನಾರ್ಟನ್‌ನವ್ರು ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಚಕ್ರ ಹಿಡಿಯೋ ಸ್ವಿಂಗ್‌ಆರ್ಮು ಎಲ್ಲಾ ಒಂದೇ ಗಂಟು ಕಟ್ಟಿ ರಬ್ಬರ್ ಮೇಲೆ ಕೂರಿಸಿದ್ರು. ಸ್ವಿಂಗ್‌ಆರ್ಮ್ ಯಾಕೆ ಅಂದ್ರೆ, ಎಂಜಿನ್ ಒಂದೇ ಅಲ್ಲಾಡಿದ್ರೆ ಚೈನಿನ ಲೈನ್ ತಪ್ಪುತ್ತೆ. ಐಸೊಲಾಸ್ಟಿಕ್ ಅಂತಾರೆ. ನಡುಕ ನಿಂತಿಲ್ಲ, ನಮ್ಮ ತನಕ ಬರಲ್ಲ ಅಷ್ಟೇ! ಸಿಗ್ನಲಲ್ಲಿ ನೋಡಿ, ಮುಂದಿನ ಚಕ್ರ ಚಳಿಜ್ವರ ಬಂದ ಹಾಗೆ ಅದುರ್ತಿರುತ್ತೆ, ಸ್ವಲ್ಪ ಥ್ರಾಟಲ್ ಕೊಟ್ರೆ ಬೆಣ್ಣೆ.

ಒಂದ್ ಕತೆ ಹೇಳ್ಬೇಕು. ನಾನು ಬೆಂಗ್ಳೂರಲ್ಲಿ ಹಳೇ ಬುಲೆಟ್ ಓಡ್ಸಿದವನು, ಬಲಗಾಲಲ್ಲಿ ಗೇರು, ಫಸ್ಟ್ ಮೇಲೆ, ಮಿಕ್ಕಿದ್ದೆಲ್ಲ ಕೆಳಗೆ. ಇಲ್ಲಿಗೆ ಬಂದ್ಮೇಲೆ ಸ್ನೇಹಿತ್ರೊಬ್ರು ಬಾನೆವಿಲ್ ಕೊಟ್ರು, ಬಲಗಾಲೇ ಅಲ್ವಾ ಅಂತ ಜಂಭದಲ್ಲಿ ಹತ್ಕೊಂಡೆ. ಅದ್ರಲ್ಲಿ ಉಲ್ಟಾ ಸ್ವಾಮಿ, ಫಸ್ಟ್ ಕೆಳಗೆ, ಮಿಕ್ಕಿದ್ದು ಮೇಲೆ! ರೌಂಡಬೌಟ್ ದಾಟಿ ಸೆಕೆಂಡಲ್ಲಿದ್ದೆ, ಥರ್ಡ್ ಹಾಕೋಣ ಅಂತ ಕೆಳಗೆ ಒತ್ತಿದೆ, ಬಿತ್ತು ಫಸ್ಟು, ಎಂಜಿನ್ ಕಿರುಚ್ಕೊಳ್ತು, ಹಿಂದಿನ ಚಕ್ರ ಕಚ್ಕೊಂಡು ಜಾರ್ತು, ಪಕ್ಕದ ಬಸ್‌ಸ್ಟಾಪಲ್ಲಿದ್ದ ಅಜ್ಜಿ ಕೊಡೆ ಎತ್ಕೊಂಡು ಎದ್ದೇಬಿಟ್ರು. ಆಮೇಲೆ ಆ ಸ್ನೇಹಿತ್ರದೇ ಕಮಾಂಡೋ ಹತ್ತಿದ್ರೆ ಗೇರ್ ಥೇಟ್ ಬುಲೆಟ್ಟೇ, ಕಾಲು ತಾನಾಗೇ ಕೆಲ್ಸ ಮಾಡ್ತು. ನಮ್ ಬುಲೆಟ್ ಜನಕ್ಕೆ ನಾರ್ಟನ್ನೇ ಹತ್ರದ ಸಂಬಂಧ, ನಗ್ಬೇಡಿ.

ಹಾಗಂತ ನಾರ್ಟನ್ ದೇವ್ರಲ್ಲ. ಆ ರಬ್ಬರ್ ಹತ್ರ ಶಿಮ್ ಅನ್ನೋ ತೆಳು ಬಿಲ್ಲೆ ಹಾಕಿ ಗ್ಯಾಪ್ ಸರಿಮಾಡ್ತಾನೇ ಇರ್ಬೇಕು, ಮರೆತ್ರೆ ತಿರುವಲ್ಲಿ ಗಾಡಿ ಓಲಾಡುತ್ತೆ. 1972ರ ಕಮಾಂಡೋಗೆ ಹಾಕಿದ ಹೆಚ್ಚು ಪವರಿನ ಕಾಂಬ್ಯಾಟ್ ಎಂಜಿನ್ನಲ್ಲಿ ಮೇನ್ ಬೇರಿಂಗ್‌ಗಳೇ ಹೋಗ್ತಿದ್ವು. 1975ರಲ್ಲಿ ಸೆಲ್ಫ್ ಸ್ಟಾರ್ಟ್ ಕೊಟ್ರು, ಅದಕ್ಕೂ ಒಂದು ಕಿಕ್ ಸಹಾಯ ಬೇಕು. ಆದ್ರೂ ಹೇಳ್ತೀನಿ, ನಡುಕ ನಮ್ಮ ತನಕ ಬರಲ್ಲ.

ಚೀಟಿ ಬಂತು, ಐದೇ ನಿಮಿಷ ಅಂತೆ. ಜಪಾನಿನ ಹೋಂಡಾ 750 ಬೈಕ್ ಬಂದು ಇಬ್ರನ್ನೂ ಮಲಗಿಸಿದ್ದು, ಮೆರಿಡನ್ ಕೆಲಸಗಾರ್ರು ಫ್ಯಾಕ್ಟರಿನೇ ಹಿಡ್ಕೊಂಡು ಸಹಕಾರಿ ಮಾಡ್ಕೊಂಡು 1983ರವರೆಗೆ ಎಳೆದಿದ್ದು, ಅದೇ ಒಂದು ಸಂಜೆ ಬೇಕು. ಈಗ ನಾರ್ಟನ್ ನಮ್ ಟಿವಿಎಸ್ ಕೈಲಿದೆ, 2020ರಲ್ಲಿ ತಗೊಂಡ್ರು.

ಗಾಡಿಗಳೆರಡೂ ಆಚೆ ನಿಂತಿವೆ, ಊಟ ಆದ್ಮೇಲೆ ಸ್ಟಾರ್ಟ್ ಮಾಡಿ ತೋರಿಸ್ತೀನಿ. ಕೆಳಗೆ ರಟ್ಟು ಹಾಸಿದ್ದೀನಿ, ದಯವಿಟ್ಟು ಯಾರೂ ತೆಗೀಬೇಡಿ.