ಹಡಗು ತೇಲುತ್ತದೆ, ದಾರಿ ತೇಲುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. ಆದರೆ ಶನಿವಾರ ಬಂತೆಂದರೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಎಷ್ಟು ಕಾರುಗಳು ಚೋರ್ಲಾ ಘಾಟಿನಲ್ಲೋ ಅನಮೋಡದಲ್ಲೋ ಇಳಿದು ಪಣಜಿ ಸೇರುತ್ತವೆ ಎಂದು ಆ ದಾರಿಯ ಊರಿನವರನ್ನು ಕೇಳಿ. ಪಣಜಿಯಲ್ಲಿ ಮಾಂಡೋವಿ ನದಿಯ ಮೇಲೆ ಬಣ್ಣದ ದೀಪ ಹಾಕಿಕೊಂಡು ನಿಂತ ಹಡಗುಗಳೇ ಕ್ಯಾಸಿನೊಗಳು. ಮಾಂಡೋವಿ ಎಂದರೆ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ನಮ್ಮ ಮಹಾದಾಯಿಯೇ. ಈ ಹಡಗುಗಳನ್ನು ನದಿಯಿಂದ ಎಬ್ಬಿಸಿ ಎಲ್ಲಿಗೆ ಕಳಿಸಬೇಕು ಎಂಬ ಚರ್ಚೆ ಗೋವಾದಲ್ಲಿ ವರ್ಷಗಳಿಂದ ನಡೆದೇ ಇದೆ. ಜೂಜು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇವತ್ತು ಹೋಗುವುದಿಲ್ಲ. ನದಿ ದಡದ ಊರಿಗೆ ಕ್ಯಾಸಿನೊ ಬರುವುದೇ ಖಚಿತವಾದರೆ ಅದಕ್ಕೆ ಜಾಗ ಎಲ್ಲಿ ಕೊಡಬೇಕು, ಅಷ್ಟನ್ನೇ ಹೇಳುತ್ತೇನೆ.

ನನ್ನ ಮಾತು ಒಂದೇ. ಹಡಗು ತೇಲುತ್ತದೆ, ಅದಕ್ಕೆ ಹೋಗುವ ದಾರಿ ತೇಲುವುದಿಲ್ಲ. ಹಾಗಾಗಿ ಜಾಗ ಆರಿಸುವಾಗ ಕಟ್ಟಡವನ್ನು ಆಮೇಲೆ ನೋಡಿ, ದಾರಿಯನ್ನು ಮೊದಲು ನೋಡಿ.

ಇದು ಚೆನ್ನಾಗಿ ಅರ್ಥವಾಗಬೇಕಾದರೆ ಅಮೆರಿಕದ ಡಾವೆನ್‌ಪೋರ್ಟ್ ಎಂಬ ಊರಿನ ಕಥೆ ಕೇಳಬೇಕು. ಅಯೋವಾ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಡಕ್ಕೆ ಅಂಟಿಕೊಂಡ ಊರು ಅದು. ದೋಣಿಯ ಮೇಲೆ ಜೂಜಾಡಬಹುದು ಎಂದು ಅಯೋವಾ 1989ರಲ್ಲಿ ಕಾಯ್ದೆ ಮಾಡಿತು. ನೆಲದ ಮೇಲೆ ಬೇಡ, ನೀರಿನ ಮೇಲಾದರೆ ಊರಿಗೆ ಅಷ್ಟು ತಟ್ಟುವುದಿಲ್ಲ ಎಂಬ ಲೆಕ್ಕ. 1991ರ ಏಪ್ರಿಲ್ 1ರಂದು ಡಾವೆನ್‌ಪೋರ್ಟಿನಲ್ಲಿ ಒಂದು ದೋಣಿ, ಪಕ್ಕದ ಬೆಟೆಂಡಾರ್ಫಿನಲ್ಲಿ 'ಡೈಮಂಡ್ ಲೇಡಿ' ಎಂಬ ಇನ್ನೊಂದು ದೋಣಿ ಶುರುವಾದವು. ಒಂದು ಆಟಕ್ಕೆ 5 ಡಾಲರಿಗಿಂತ ಹೆಚ್ಚು ಕಟ್ಟುವಂತಿಲ್ಲ, ಒಂದು ಸುತ್ತಿನ ವಿಹಾರದಲ್ಲಿ 200 ಡಾಲರಿಗಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ ಎಂಬ ಮಿತಿಯೂ ಇತ್ತು. ಮರುವರ್ಷವೇ, 1992ರಲ್ಲಿ, ಇಂಥ ಮಿತಿಯಿಲ್ಲದ ಮಿಸಿಸಿಪಿ ರಾಜ್ಯದ ಬಿಲಾಕ್ಸಿ ಎಂಬ ಕಡಲೂರಿಗೆ ಡೈಮಂಡ್ ಲೇಡಿ ಹೊರಟೇಹೋಯಿತು. ದೋಣಿಗೇನು, ಲಂಗರು ಎತ್ತಿದರೆ ಮುಗಿಯಿತು. ಅದನ್ನು ನಂಬಿ ಊರು ಕಟ್ಟಿಕೊಂಡ ರಸ್ತೆ, ಪಾರ್ಕಿಂಗ್, ದೋಣಿ ನಿಲ್ಲುವ ಧಕ್ಕೆ ಮಾತ್ರ ಅಲ್ಲೇ ಉಳಿಯುತ್ತವೆ.

ಡಾವೆನ್‌ಪೋರ್ಟಿನ ನದೀತೀರದ ಉದ್ಯಾನದ ಪಕ್ಕದಲ್ಲೇ ಕ್ಯಾಸಿನೊ ದೋಣಿ ಉಳಿಯಿತು. ಆ ಊರಿಗೆ ನೆರೆ ತಡೆಯುವ ಶಾಶ್ವತ ಗೋಡೆ ಇಲ್ಲ. ನದಿ ಕಣ್ಣಿಗೆ ಕಾಣುತ್ತಿರಬೇಕು ಎಂದು ಊರಿನವರೇ ಬೇಡವೆಂದಿದ್ದರು. ಅಲ್ಲಿನ ಅಳತೆಗೋಲಿನಲ್ಲಿ ನೀರು 15 ಅಡಿ ಮುಟ್ಟಿದರೆ ನೆರೆ. 1965ರಲ್ಲಿ ಅದು 22.48 ಅಡಿಗೆ ಏರಿತ್ತು, 1993ರಲ್ಲಿ 22.63 ಅಡಿಗೆ. ಈಗ ಗಮನವಿಟ್ಟು ಕೇಳಿ. ನೀರು ಏರಿದಾಗ ದೋಣಿಗೆ ಏನೂ ಆಗುವುದಿಲ್ಲ, ಅದೂ ಜೊತೆಯಲ್ಲೇ ಏರುತ್ತದೆ. ಮುಳುಗುವುದು ಉದ್ಯಾನ, ಪಾರ್ಕಿಂಗ್, ದಡದ ರಸ್ತೆ, ದೋಣಿಗೆ ಹತ್ತುವ ಸೇತುವೆಯ ಬುಡ. ಒಳಗೆ ದೀಪ ಉರಿಯುತ್ತಿದ್ದರೂ ಗಿರಾಕಿ ಒಳಗೆ ಹೋಗಲಾರ, ಸಿಬ್ಬಂದಿ ಬರಲಾರರು, ಅಡುಗೆ ಸಾಮಾನು ಇಳಿಸಲಾಗದು. ಬಾಗಿಲು ಹಾಕಲೇಬೇಕು.

ಕೊನೆಗೆ ಅಯೋವಾ ಕಾಯ್ದೆಯನ್ನು ಸಡಿಲಿಸಿ, ಕ್ಯಾಸಿನೊ ನೆಲದ ಮೇಲಿರಬಹುದು ಎಂದಿತು. 2016ರ ಜೂನ್‌ನಲ್ಲಿ ಡಾವೆನ್‌ಪೋರ್ಟಿನ ಕ್ಯಾಸಿನೊ ನದಿ ಬಿಟ್ಟು, ಊರಿನ ಉತ್ತರದ ಅಂಚಿನಲ್ಲಿ ಎರಡು ಹೆದ್ದಾರಿಗಳು ಸೇರುವ ಕಡೆಗೆ ಹೋಯಿತು. ಮೂರು ವರ್ಷವೂ ಆಗಿರಲಿಲ್ಲ, 2019ರ ನೆರೆ ಬಂತು. ತಂತಿ ಬಲೆಯ ದೊಡ್ಡ ದೊಡ್ಡ ಬುಟ್ಟಿಗಳಿಗೆ ಒಳಗಿನಿಂದ ಬಟ್ಟೆ ಹೊದಿಸಿ, ಮರಳು ತುಂಬಿ, ಒಂದರ ಪಕ್ಕ ಒಂದನ್ನು ರಸ್ತೆಯುದ್ದಕ್ಕೂ ನಿಲ್ಲಿಸಿ ತಡೆ ಕಟ್ಟಿದ್ದರು. ಏಪ್ರಿಲ್ 30ರ ಮಧ್ಯಾಹ್ನ ಆ ಸಾಲು ಒಂದು ಕಡೆ ಜಾರಿ ಒಡೆಯಿತು, ಪೇಟೆಯೊಳಗೆ ನೀರು ನುಗ್ಗಿತು. ಮೇ 2ರಂದು ಅಳತೆಗೋಲು 22.70 ಅಡಿ ತೋರಿಸಿತು. ಅಷ್ಟು ನೀರು ಆ ಊರು ಹಿಂದೆಂದೂ ಕಂಡಿರಲಿಲ್ಲ. ಹೆದ್ದಾರಿಯ ಬಳಿಯ ಎತ್ತರದ ನೆಲದಲ್ಲಿದ್ದ ಕ್ಯಾಸಿನೊಗೆ ನದಿ ಮುಟ್ಟಲಿಲ್ಲ. ಜಾಗ ಆರಿಸುವುದು ಎಂದರೆ ಇದು.

ಅಂದಹಾಗೆ ಡೈಮಂಡ್ ಲೇಡಿ ಹೋದ ಬಿಲಾಕ್ಸಿಯಲ್ಲೂ ಕಾಯ್ದೆಯಂತೆ ಕ್ಯಾಸಿನೊಗಳು ತೇಲುವ ಬಾರ್ಜುಗಳ ಮೇಲೆಯೇ ಇದ್ದವು. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಕಡಲು ಆ ಭಾರಿ ಬಾರ್ಜುಗಳನ್ನು ಎತ್ತಿ ಹೆದ್ದಾರಿಯಾಚೆ ಎಸೆಯಿತು. ಅದೇ ವರ್ಷ ಅಲ್ಲಿಯೂ ಕಾಯ್ದೆ ಬದಲಾಯಿತು, ನೀರಿನಂಚಿನಿಂದ 800 ಅಡಿಯೊಳಗೆ ನೆಲದ ಮೇಲೆ ಕಟ್ಟಬಹುದು ಎಂದು.

ಪಣಜಿಯಲ್ಲೂ ಹಡಗುಗಳನ್ನು ನದಿಗೆ ತಂದದ್ದು ಎಂಜಿನಿಯರುಗಳ ಲೆಕ್ಕಾಚಾರವಲ್ಲ, ಕಾಯ್ದೆ. ಗೋವಾದ 1976ರ ಜೂಜು ಕಾಯ್ದೆಗೆ ಆದ ತಿದ್ದುಪಡಿಗಳ ಪ್ರಕಾರ ನೆಲದ ಮೇಲೆ ಪಂಚತಾರಾ ಹೋಟೆಲಿನಲ್ಲಿ ಯಂತ್ರದ ಆಟ ಮಾತ್ರ. ಇಸ್ಪೀಟು, ರೂಲೆಟ್‌ನಂಥ ಮೇಜಿನ ಆಟ ಬೇಕೆಂದರೆ ಹಡಗೇ ಬೇಕು. ಹಡಗಾದ ಮೇಲೆ ಅಳಿವೆ ದಾಟಬೇಕು, ಮಳೆಗಾಲದಲ್ಲಿ ಮಾಂಡೋವಿಯ ಅಳಿವೆಯಲ್ಲಿ ಮರಳ ದಿಬ್ಬ ಏಳುತ್ತದೆ. 2017ರ ಜುಲೈನಲ್ಲಿ 'ಲಕ್ಕಿ 7' ಎಂಬ ಕ್ಯಾಸಿನೊ ಹಡಗನ್ನು ಒಳಗೆ ತರಲು ಹೋಗಿ, ಅದು ಮೀರಾಮಾರ್ ಕಡಲತೀರದ ಮರಳಲ್ಲಿ ಕೂತುಬಿಟ್ಟಿತು. ಸಿಬ್ಬಂದಿಯನ್ನು ಪಾರು ಮಾಡಬೇಕಾಯಿತು. ಜುಲೈನಲ್ಲಿ ಆ ಅಳಿವೆ ಹೇಗಿರುತ್ತದೆ ಎಂದು ಅಲ್ಲಿನ ಯಾವ ಮೀನುಗಾರನನ್ನು ಕೇಳಿದ್ದರೂ ಹೇಳುತ್ತಿದ್ದ!

ಇನ್ನು ಉಬ್ಬರ ಇಳಿತ. ಪಣಜಿಯಲ್ಲಿ ನೀರು ದಿನಕ್ಕೆರಡು ಬಾರಿ ಏರಿಳಿಯುತ್ತದೆ, ದೊಡ್ಡ ಉಬ್ಬರದ ದಿನ ಹೆಚ್ಚುಕಡಿಮೆ 2 ಮೀಟರ್ ವ್ಯತ್ಯಾಸ. ಗಾಲಿಕುರ್ಚಿ ಸಲೀಸಾಗಿ ಹೋಗಬೇಕಾದರೆ ಇಳಿಜಾರು 12ಕ್ಕೆ 1 ಇರಬೇಕು. ಅಂದರೆ 2 ಮೀಟರ್ ಇಳಿಯಲು 24 ಮೀಟರ್ ಉದ್ದದ ಸೇತುವೆ, ಒಂದು ತುದಿ ಧಕ್ಕೆಗೆ ಕೀಲಾಗಿ, ಇನ್ನೊಂದು ತುದಿ ತೇಲುವ ಕಟ್ಟೆಯ ಮೇಲೆ. ನಕ್ಷೆಯಲ್ಲಿ 8 ಮೀಟರಿನ ಹಲಗೆ ತೋರಿಸಿದ್ದರೆ ಇಳಿತದ ಹೊತ್ತಿಗೆ ಅದು ಏಣಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಹಡಗಿನಲ್ಲಿ ಯಾರಿಗೋ ಎದೆನೋವು ಬಂತು ಎಂದುಕೊಳ್ಳಿ. ಸ್ಟ್ರೆಚರನ್ನು ಮೊದಲು ಸಣ್ಣ ದೋಣಿಗೆ ಇಳಿಸಬೇಕು, ದೋಣಿ ಧಕ್ಕೆಗೆ ಬರಬೇಕು, ಅಲ್ಲಿಂದ ಆ ಕಡಿದಾದ ಹಲಗೆ ಹತ್ತಿಸಬೇಕು, ಆಮೇಲೆ ಆಂಬುಲೆನ್ಸ್. ದಾರಿ ಎಂದರೆ ಇದೂ ದಾರಿಯೇ.

ಒಂದೇ ಲಂಗರಿನ ಹಡಗು ಉಬ್ಬರ ತಿರುಗಿದಾಗ ತಾನೂ ತಿರುಗುತ್ತದೆ. 60 ಮೀಟರಿನ ಹಡಗು, 40 ಮೀಟರ್ ಚಾಚಿದ ಸರಪಳಿ, ಎರಡೂ ಸೇರಿ 100 ಮೀಟರ್. ಹೀಗೆ 200 ಮೀಟರ್ ಅಗಲದ ವೃತ್ತ ಆ ಹಡಗಿಗೇ ಬೇಕು. ಅದಿರಿನ ಬಾರ್ಜು, ಬೇತಿಂಗೆ ಹೋಗುವ ಫೆರಿ, ಮೀನಿನ ದೋಣಿಗಳು ಓಡಾಡುವುದು ಅದೇ ನೀರಿನಲ್ಲಿ. ನಾಲ್ಕು ಮೂಲೆಗೂ ಲಂಗರು ಹಾಕಿ ಕಟ್ಟಿದರೆ ಹಡಗು ತಿರುಗುವುದಿಲ್ಲ, ಆದರೆ ಆ ಸರಪಳಿಗಳ ಮೇಲೆ ಬೇರೆಯವರು ದೋಣಿ ನಿಲ್ಲಿಸುವಂತಿಲ್ಲ, ಬಲೆ ಬಿಡುವಂತಿಲ್ಲ.

ಇಷ್ಟೆಲ್ಲ ಕಷ್ಟ ನದಿಯ ನೋಟಕ್ಕಾಗಿ ಎನ್ನುತ್ತಾರೆ. ಯಾವ ನೋಟ? ಹೊತ್ತು ಹೋದದ್ದು ಆಡುವವನಿಗೆ ತಿಳಿಯಬಾರದು ಎಂದು ಜೂಜಿನ ಕೋಣೆಗೆ ಸಾಮಾನ್ಯವಾಗಿ ಕಿಟಕಿಯನ್ನೇ ಇಡುವುದಿಲ್ಲ, ಗೋಡೆಗೆ ಗಡಿಯಾರವನ್ನೂ ಹಾಕುವುದಿಲ್ಲ. ಊರಿನ ಅತ್ಯಂತ ಚೆಂದದ ನದೀತೀರವನ್ನು ಕಿಟಕಿಯಿಲ್ಲದ ಕೋಣೆಗೆ ಕೊಡುವುದೆಂದರೆ ಕುರುಡನ ಕೈಗೆ ಕನ್ನಡಿ ಕೊಟ್ಟಂತೆ. ಆ ದಂಡೆಯಲ್ಲಿ ಜನ ಸಂಜೆ ಅಡ್ಡಾಡಲಿ, ಮಕ್ಕಳು ಓಡಲಿ.

ಈಗ ನೆಲದ ಮೇಲಿನ ಜಾಗದ ಲೆಕ್ಕ. ಪೆನ್ನು ಇದ್ದರೆ ಬರೆದುಕೊಳ್ಳಿ. ಶನಿವಾರ ರಾತ್ರಿ ಒಮ್ಮೆಗೇ 1,000 ಜನ, ಕಾರಿಗೆ ಎರಡೂವರೆ ಮಂದಿಯಂತೆ 400 ಕಾರು. ಓಡಾಡುವ ಜಾಗ ಸೇರಿ ಒಂದು ಕಾರಿಗೆ 30 ಚದರ ಮೀಟರ್, ಅಂದರೆ 12,000 ಚದರ ಮೀಟರ್, ಹತ್ತಿರ ಹತ್ತಿರ 3 ಎಕರೆ. ಇದು ಗಿರಾಕಿಗಳಿಗೆ ಮಾತ್ರ. ಸಿಬ್ಬಂದಿಯ ಪಾಳಿ ಬದಲಾಗುವಾಗ ಹೋಗುವವರ ಗಾಡಿ ಇನ್ನೂ ಹೊರಟಿರುವುದಿಲ್ಲ, ಬರುವವರ ಗಾಡಿ ಬಂದಾಗಿರುತ್ತದೆ, ಎರಡು ಪಾಳಿಗೂ ಜಾಗ ಬೇಕು. ಗೇಟಿನಲ್ಲಿ ಒಂದು ಕಾರಿಗೆ 10 ಸೆಕೆಂಡ್ ಹಿಡಿದರೂ ಗಂಟೆಗೆ 360 ಕಾರು ಮಾತ್ರ ದಾಟುತ್ತವೆ. ಒಂದೇ ಗೇಟ್ ಇಟ್ಟರೆ 400 ಕಾರು ಹೊರಬರಲು ಗಂಟೆಯ ಮೇಲಾಗುತ್ತದೆ. ಒಳಗೆ ಬರುವ 50 ಕಾರಿನ ಸರದಿಯೇ 300 ಮೀಟರ್. ಆ 300 ಮೀಟರ್ ನಿಮ್ಮ ಆವರಣದೊಳಗೆ ಇರಬೇಕು, ಮುಖ್ಯರಸ್ತೆಯಲ್ಲಿ ಅಲ್ಲ. ಅರ್ಜಿದಾರರು ಹೆಚ್ಚಾಗಿ ಮರೆಮಾಚುವುದು ಇದನ್ನೇ.

ನೆರೆಯ ಮಟ್ಟ ಕೇಳುವಾಗ 'ನೂರು ವರ್ಷಕ್ಕೊಮ್ಮೆ ಬರುವ ನೆರೆ' ಎಂಬ ಮಾತಿಗೆ ಮರುಳಾಗಬೇಡಿ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಎಂದು ಅದರ ಅರ್ಥ. 30 ವರ್ಷದ ಪರವಾನಗಿಗೆ ಲೆಕ್ಕ ಹಾಕಿದರೆ ನೂರಕ್ಕೆ 26ರಷ್ಟಾಗುತ್ತದೆ. ಆ ಮಟ್ಟಕ್ಕಿಂತ ಕನಿಷ್ಠ 60 ಸೆಂಟಿಮೀಟರ್ ಮೇಲೆ ಏನಿರಬೇಕು? ಆಟದ ಕೋಣೆ ಇದ್ದರೆ ಸಾಲದು. ಟ್ರಾನ್ಸ್‌ಫಾರ್ಮರ್, ಜನರೇಟರ್, ನಗದಿನ ಕೋಣೆ, ಹೆದ್ದಾರಿಯವರೆಗಿನ ರಸ್ತೆ, ಎಲ್ಲವೂ ಇರಬೇಕು. ಕಟ್ಟಡ ಎತ್ತರದಲ್ಲಿ, ನಡುವಿನ ಮೋರಿಯೊಂದು ತಗ್ಗಿನಲ್ಲಿ ಇದ್ದರೆ ಅದೂ ಡಾವೆನ್‌ಪೋರ್ಟಿನ ದೋಣಿಯೇ.

ಸಮಯ ಆಗುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಒಳಚರಂಡಿ: ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಹಿಡಿಯಿರಿ, ಆ ಕೊಳೆನೀರನ್ನು ಊರಿನ ಶುದ್ಧೀಕರಣ ಘಟಕ ತಡೆದೀತೇ ಎಂದು ಲಿಖಿತವಾಗಿ ಕೇಳಿ. ಹಡಗಾದರೆ ಯಾವ ಟ್ಯಾಂಕರಿಗೆ ತುಂಬುತ್ತಾರೆ, ದಾಖಲೆ ಯಾರ ಬಳಿ ಇರುತ್ತದೆ ಎಂದು ಕೇಳಿ. ಶಾಲೆ, ದಿನಗೂಲಿಯವರ ವಸತಿ, ಅಡವಿನ ಅಂಗಡಿಗಳ ಸಾಲು, ಇವುಗಳ ಮಗ್ಗುಲಲ್ಲಿ ಜಾಗ ಬೇಡವೇ ಬೇಡ. ಗೋವಾದವರು ಕ್ಯಾಸಿನೊದಲ್ಲಿ ಆಡುವುದನ್ನು ಅಲ್ಲಿನ ಸರ್ಕಾರವೇ 2020ರ ಫೆಬ್ರುವರಿಯಿಂದ ನಿಷೇಧಿಸಿದೆ.

ಕೊನೆಯದಾಗಿ ಠೇವಣಿ. ಮಾಂಡೋವಿಯ ಅಳಿವೆಯ ಹೊರಗೆ, ಕಾಂದೋಳಿಯ ಬಳಿ, 2000ನೇ ಇಸವಿಯ ಜೂನ್‌ನಲ್ಲಿ 'ರಿವರ್ ಪ್ರಿನ್ಸೆಸ್' ಎಂಬ ಅದಿರಿನ ಹಡಗು ಮರಳಿಗೆ ಹತ್ತಿತು. ಎಳೆಯುವವರಿಲ್ಲದೆ ಅದು ಒಂದು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ತುಕ್ಕು ಹಿಡಿಯಿತು. ಆದ್ದರಿಂದ ಹಡಗಿಗಾಗಲಿ ಕಟ್ಟಡಕ್ಕಾಗಲಿ, ಅದನ್ನು ತೆರವು ಮಾಡುವ ಪೂರ್ತಿ ಖರ್ಚನ್ನು ಬ್ಯಾಂಕ್ ಖಾತರಿಯಾಗಿ ಪರವಾನಗಿಗೆ ಸಹಿ ಬೀಳುವ ಮುಂಚೆಯೇ ಕಟ್ಟಿಸಿಕೊಳ್ಳಿ. ನಿಮ್ಮೂರಿನಲ್ಲಿ ಅಹವಾಲು ಸಭೆ ನಡೆದರೆ ಮೊದಲ ಪ್ರಶ್ನೆ ರಸ್ತೆಯ ಮಟ್ಟದ್ದಾಗಿರಲಿ, ಎರಡನೆಯದು ಈ ಖಾತರಿಯದ್ದು. ನಮಸ್ಕಾರ.