ಮಲೇರಿಯಾ ಅಪರೂಪವಾದ ಊರಿನಲ್ಲಿ ಮಲೇರಿಯಾ ಪತ್ತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕರ್ನಾಟಕದಲ್ಲಿ ಮಲೇರಿಯಾ ಎಂದರೆ ಮಂಗಳೂರು ಎಂಬ ಮಾತು ಬಹಳ ಕಾಲದಿಂದ ಇದೆ. ಅದು ಸುಳ್ಳೂ ಅಲ್ಲ. ಒಳನಾಡಿನ ಎಷ್ಟೋ ತಾಲ್ಲೂಕುಗಳಲ್ಲಿ ಈಗ ಈ ಜ್ವರ ಕಾಣುವುದೇ ಅಪರೂಪ. ತೊಂದರೆ ಶುರುವಾಗುವುದೂ ಅಲ್ಲಿಯೇ. ಕಾಯಿಲೆ ಕಡಿಮೆಯಾದಷ್ಟೂ ಅದರ ನೆನಪು ಕಡಿಮೆ. ನೆನಪಿಲ್ಲದಿದ್ದರೆ ವೈದ್ಯರು ರಕ್ತ ಪರೀಕ್ಷೆ ಬರೆದುಕೊಡುವುದಿಲ್ಲ. ಬರೆದರೂ, ಸ್ಲೈಡ್ ನೋಡುವವರ ಕಣ್ಣಿಗೆ ಅಭ್ಯಾಸ ತಪ್ಪಿರುತ್ತದೆ.

ನಮ್ಮ ಕಡೆ ಸಾಮಾನ್ಯವಾಗಿ ಆಗುವುದು ಹೀಗೆ. ಜ್ವರ, ತಲೆನೋವು, ಮೈಕೈ ನೋವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 60,000. ಡೆಂಗಿ ಇರಬೇಕು ಎನ್ನುತ್ತಾರೆ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದರೂ ‘ಡೆಂಗಿ ಥರದ್ದೇ’ ಎಂದು ಎರಡು ದಿನ ಕಳೆಯುತ್ತದೆ. ಪ್ಲೇಟ್‌ಲೆಟ್ ಇಳಿಸುವುದರಲ್ಲಿ ಮಲೇರಿಯಾ ಏನೂ ಹಿಂದಿಲ್ಲ. ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುವ ಮೊದಲು ಮಲೇರಿಯಾ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಪ್ಲೇಟ್‌ಲೆಟ್ ಇಳಿಕೆಯ ಜೊತೆಗೆ ಕಣ್ಣು ಸ್ವಲ್ಪ ಹಳದಿಯಾಗಿದ್ದರೆ, ಗುಲ್ಮ ಕೈಗೆ ಸಿಗುವಂತಿದ್ದರೆ, ಆ ಪ್ರಶ್ನೆಯನ್ನು ಬಿಡಲೇಬೇಡಿ.

‘ದಿನ ಬಿಟ್ಟು ದಿನ ನಡುಕ ಬಂದರೆ ಮಾತ್ರ ಮಲೇರಿಯಾ’ ಎಂದು ಕಾಯುವವರೂ ಇದ್ದಾರೆ. ಮೊದಲ ಕೆಲವು ದಿನ ಜ್ವರಕ್ಕೆ ಯಾವ ಕ್ರಮವೂ ಇರುವುದಿಲ್ಲ. ಮಲೇರಿಯಾ ರೋಗಾಣುವಿನ ಅಪಾಯಕಾರಿಯಾದ ಫಾಲ್ಸಿಪ್ಯಾರಮ್ ಜಾತಿಯಲ್ಲಿ ಆ ಕ್ರಮ ಕೊನೆಯವರೆಗೂ ಬಾರದೇ ಇರಬಹುದು. ದೇಹಕ್ಕೆ ಈ ರೋಗದ ಪರಿಚಯವೇ ಇಲ್ಲದವರಲ್ಲಿ ಅದು ಒಂದೆರಡು ದಿನದಲ್ಲೇ ಮೆದುಳು, ಮೂತ್ರಪಿಂಡಗಳವರೆಗೆ ಹೋದೀತು.

ವೈದ್ಯರು ಕೇಳಬೇಕಾದ ಪ್ರಶ್ನೆ ‘ವಿದೇಶಕ್ಕೆ ಹೋಗಿದ್ದಿರಾ’ ಎಂದಲ್ಲ. ‘ಹೋದ ಒಂದು ವರ್ಷದಲ್ಲಿ ಯಾವ್ಯಾವ ಊರಲ್ಲಿ ರಾತ್ರಿ ಮಲಗಿದ್ದಿರಿ’ ಎಂದು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಒಡಿಶಾ, ಛತ್ತೀಸಗಡ, ಜಾರ್ಖಂಡ್‌ನಿಂದ ಬಂದ ಕೂಲಿಕಾರರು, ಮಂಗಳೂರಿನ ಕಟ್ಟಡಗಳಲ್ಲಿ ದುಡಿದು ಊರಿಗೆ ಮರಳಿದವರು, ಆಫ್ರಿಕಾದಲ್ಲಿ ಕೆಲಸ ಮುಗಿಸಿ ಬಂದವರು, ಈಚೆಗೆ ರಕ್ತ ಹಾಕಿಸಿಕೊಂಡವರು, ಇವರೆಲ್ಲರೂ ಈ ಲೆಕ್ಕಕ್ಕೆ ಬರುತ್ತಾರೆ. ಸೊಳ್ಳೆ ಕಚ್ಚಿದ ಮೇಲೆ ಮೊದಲ ಒಂದು ವಾರದೊಳಗೆ ಜ್ವರ ಬಂದರೆ ಅದು ಮಲೇರಿಯಾ ಆಗಿರುವುದು ಕಡಿಮೆ. ಫಾಲ್ಸಿಪ್ಯಾರಮ್ ಸಾಮಾನ್ಯವಾಗಿ 9ರಿಂದ 14 ದಿನದಲ್ಲಿ ತಲೆ ಎತ್ತುತ್ತದೆ. ಇನ್ನೊಂದು ಜಾತಿಯಾದ ವೈವ್ಯಾಕ್ಸ್ ಹಾಗಲ್ಲ. ಅದು ಯಕೃತ್ತಿನಲ್ಲಿ ಅಡಗಿದ್ದು ಎಂಟು ತಿಂಗಳಾದ ಮೇಲೂ ಏಳಬಲ್ಲದು. ಹಾಗೆ ಅಡಗಿದ್ದನ್ನು ಕೊಲ್ಲುವ 14 ದಿನದ ಪ್ರಿಮಾಕ್ವಿನ್ ಮಾತ್ರೆಯನ್ನು ಮೂರೇ ದಿನಕ್ಕೆ ನಿಲ್ಲಿಸಿದವರಲ್ಲಂತೂ ಇದು ಹೆಚ್ಚು. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮವರು ಊರಿಗೆ ಬಂದು ಹೋದ ಮೇಲೆ ಜ್ವರ ಬಂದರೆ, ಅಲ್ಲಿನ ವೈದ್ಯರಿಗೆ ಪ್ರಯಾಣದ ವಿಷಯವನ್ನು ತಾವೇ ಮೊದಲು ಹೇಳುವುದು ಒಳ್ಳೆಯದು.

ಇನ್ನು ರಕ್ತಲೇಪನ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಸ್ಲೈಡಿನ ಮೇಲೆ ಹರಡಿದ ರಕ್ತ. ಒಂದೇ ಸ್ಲೈಡಿನ ಮೇಲೆ ದಪ್ಪ ಲೇಪನ, ತೆಳು ಲೇಪನ ಎರಡೂ ಬೇಕು. ಬೇರೆ ರಕ್ತ ಪರೀಕ್ಷೆಗಳಿಗೆ ತೆಳು ಲೇಪನವೇ ಸಾಕಾಗುವುದರಿಂದ ಎಷ್ಟೋ ಲ್ಯಾಬುಗಳು ದಪ್ಪ ಲೇಪನವನ್ನೇ ಮರೆತಿವೆ. ಆದರೆ ರೋಗಾಣು ಸಿಗುವುದು ದಪ್ಪದರಲ್ಲಿ. ಅದು ಯಾವ ಜಾತಿ ಎಂದು ಗೊತ್ತಾಗುವುದು ತೆಳುವಿನಲ್ಲಿ.

ಬೆರಳ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಸ್ಪಿರಿಟ್ ರಕ್ತಕ್ಕೆ ಬೆರೆತರೆ ಕೆಂಪು ಕಣಗಳು ಅಲ್ಲೇ ಗಟ್ಟಿಯಾಗಿ, ದಪ್ಪ ಲೇಪನ ಕೆಡುತ್ತದೆ. ಮೊದಲ ಹನಿಯನ್ನು ಒರೆಸಿ ಹಾಕಿ. ಆಮೇಲಿನ ಮೂರು ಹನಿಯನ್ನು ಒಂದು ಸೆಂಟಿಮೀಟರ್ ಅಗಲದ ವೃತ್ತವಾಗಿ ಇನ್ನೊಂದು ಸ್ಲೈಡಿನ ಮೂಲೆಯಿಂದ ಹರಡಿ. ಕೆಳಗೆ ದಿನಪತ್ರಿಕೆ ಇಟ್ಟರೆ ಅಕ್ಷರ ಓದಲು ಬರುವಷ್ಟೇ ದಪ್ಪ ಇರಬೇಕು. ತನ್ನಷ್ಟಕ್ಕೆ ಒಣಗಲಿ, ಬೆಂಕಿಗೆ ಹಿಡಿಯಬೇಡಿ. ಕಣಗಳನ್ನು ಗಟ್ಟಿ ಮಾಡುವ ಮೆಥನಾಲ್ ತಾಗಬೇಕಾದದ್ದು ತೆಳು ಲೇಪನಕ್ಕೆ ಮಾತ್ರ. ಸ್ಲೈಡನ್ನು ಅಡ್ಡ ಹಿಡಿದು ಅದ್ದುವಾಗ ಅದು ದಪ್ಪದ ಕಡೆಗೂ ಹರಿದುಬಿಟ್ಟರೆ ಕೆಂಪು ಕಣ ಒಡೆಯುವುದಿಲ್ಲ, ಒಳಗಿನ ರೋಗಾಣು ಕಾಣುವುದಿಲ್ಲ. ಶೇಕಡಾ 10ರ ಜೀಮ್ಸಾ ಬಣ್ಣವಾದರೆ ಹತ್ತು ನಿಮಿಷ ಸಾಕು. ನೀರಿನ ಪಿಎಚ್ 7.2 ಇರಲಿ. 6.8ರ ಬಫರ್ ಬಳಸಿದರೆ ವೈವ್ಯಾಕ್ಸ್‌ನ ಗುರುತಾದ ಷಫ್ನರ್ ಚುಕ್ಕೆಗಳು ಸರಿಯಾಗಿ ಮೂಡುವುದಿಲ್ಲ.

ಟ್ಯೂಬಿನಲ್ಲಿ ರಕ್ತ ತೆಗೆದರೆ ಒಂದು ಗಂಟೆಯೊಳಗೆ ಲೇಪನ ಮಾಡಿ. ಸಂಜೆಯ ತನಕ ಇಟ್ಟರೆ ರೋಗಾಣುವಿನ ಆಕಾರ ಬದಲಾಗಿ, ಜಾತಿ ಗುರುತಿಸುವಾಗ ಮೋಸವಾಗುತ್ತದೆ.

ಎಣ್ಣೆ ಲೆನ್ಸಿನಲ್ಲಿ ದಪ್ಪ ಲೇಪನದ ಕನಿಷ್ಠ 100 ಕ್ಷೇತ್ರ (ಒಂದು ಸಲಕ್ಕೆ ಲೆನ್ಸಿನಲ್ಲಿ ಕಾಣುವಷ್ಟು ಜಾಗ) ನೋಡದೆ ನೆಗೆಟಿವ್ ಬರೆಯಬಾರದು. ಅಭ್ಯಾಸ ಇದ್ದವರಿಗೂ ಇದಕ್ಕೆ ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಒಂದೂವರೆ ನಿಮಿಷದಲ್ಲಿ ಬಂದ ‘ಎಂಪಿ ನೆಗೆಟಿವ್’ (ಮಲೇರಿಯಾ ರೋಗಾಣು ಇಲ್ಲ) ಎಂಬ ವರದಿಯನ್ನು ನಂಬುವುದು ಕಷ್ಟ.

ರ‍್ಯಾಪಿಡ್ ಕಿಟ್ ಬಳಸಿದರೆ ಐದು ಮೈಕ್ರೋಲೀಟರ್ ರಕ್ತ, ಅದೇ ಪೆಟ್ಟಿಗೆಯ ಬಫರ್, ಅದೇ ಪೆಟ್ಟಿಗೆ ಹೇಳುವಷ್ಟು ನಿಮಿಷ. ಹೆಚ್ಚಿನವುಗಳಲ್ಲಿ 15ರಿಂದ 20 ನಿಮಿಷ. ಗಂಟೆ ಬಿಟ್ಟು ನೋಡಿದಾಗ ಮೂಡಿದ ಗೆರೆಗೆ ಬೆಲೆಯಿಲ್ಲ. ಆದರೆ ಸಮಯದೊಳಗೆ ಬಂದ ಗೆರೆ ಮಸುಕಾಗಿದ್ದರೂ ಪಾಸಿಟಿವ್. ಫಾಲ್ಸಿಪ್ಯಾರಮ್ ಗೆರೆ ಹಿಡಿಯುವ ಪ್ರೋಟೀನ್ ಚಿಕಿತ್ಸೆ ಮುಗಿದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹೋದ ತಿಂಗಳು ಒಡಿಶಾದಲ್ಲಿ ಮಾತ್ರೆ ನುಂಗಿ ಬಂದವರಿಗೆ ಈಗ ಬೇರೆ ಜ್ವರ ಬಂದಿದ್ದರೂ ಕಿಟ್ ಪಾಸಿಟಿವ್ ತೋರಿಸಬಹುದು. ಅಂಥವರಿಗೆ ಲೇಪನ ನೋಡಿಯೇ ನಿರ್ಧರಿಸಬೇಕು.

ಒಂದು ನೆಗೆಟಿವ್ ಸಾಲದು. ಫಾಲ್ಸಿಪ್ಯಾರಮ್‌ನ ಬಲಿತ ರೂಪಗಳು ಒಳ ಅಂಗಗಳ ಸಣ್ಣ ರಕ್ತನಾಳಗಳಿಗೆ ಅಂಟಿಕೊಂಡು ಕೂರುತ್ತವೆ. ಬೆರಳಿಗೆ ಬರುವುದು ಎಳೆಯವು. ರಕ್ತ ತೆಗೆದ ಹೊತ್ತಿಗೆ ಅವು ಕಡಿಮೆ ಇದ್ದರೆ ಸ್ಲೈಡ್ ಖಾಲಿ. ಆದ್ದರಿಂದ 12ರಿಂದ 24 ಗಂಟೆಗೊಮ್ಮೆ, ಒಟ್ಟು ಮೂರು ಬಾರಿ ನೋಡಬೇಕು. ಜ್ವರ ಏರುವುದನ್ನು ಕಾಯುವ ಅಗತ್ಯವಿಲ್ಲ. ಮೊದಲೇ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಇಲಿಜ್ವರ, ಸ್ಕ್ರಬ್ ಟೈಫಸ್ ಇರಬಹುದೆಂದು ಕೊಡುವ ಈ ಮಾತ್ರೆ ಮಲೇರಿಯಾ ರೋಗಾಣುವನ್ನೂ ಅರೆಬರೆ ತಡೆದು, ಸ್ಲೈಡಿನಿಂದ ಮರೆಮಾಡುತ್ತದೆ.

ಇದರ ಇನ್ನೊಂದು ಮುಖವನ್ನು ಕಡಿಮೆ ಜನ ಯೋಚಿಸುತ್ತಾರೆ. ಒಂದು ಕಿಟ್ ನೂರರಲ್ಲಿ ಇಬ್ಬರು ಆರೋಗ್ಯವಂತರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಸಾವಿರ ಜ್ವರಗಳಲ್ಲಿ ಒಂದೇ ಮಲೇರಿಯಾ ಇರುವ ಊರಿನಲ್ಲಿ ಅದು 20 ಸುಳ್ಳು ಪಾಸಿಟಿವ್ ಕೊಡುತ್ತದೆ, ನಿಜವಾದದ್ದು ಒಂದು. ಅದಕ್ಕೇ ಇಂಥ ಕಡೆ ಎಲ್ಲ ಜ್ವರಕ್ಕೂ ಕಣ್ಣುಮುಚ್ಚಿ ಕಿಟ್ ಹಾಕುವುದಕ್ಕಿಂತ ಮೊದಲು ಊರಿನ ಪ್ರಶ್ನೆ ಕೇಳುವುದು, ಬಂದ ಪಾಸಿಟಿವನ್ನು ಲೇಪನದಲ್ಲಿ ಖಚಿತ ಮಾಡಿಕೊಳ್ಳುವುದು ವಾಸಿ. ಖಚಿತವಾಗುವವರೆಗೆ ತೀವ್ರ ಅಸ್ವಸ್ಥರ ಚಿಕಿತ್ಸೆ ನಿಲ್ಲಬಾರದು, ಅದು ಬೇರೆ ಮಾತು. ಲೇಪನದಲ್ಲೂ ಮೋಸಗಳಿವೆ. ಕೆಂಪು ಕಣದ ಮೇಲೆ ಕೂತ ಪ್ಲೇಟ್‌ಲೆಟ್, ಸೋಸದ ಬಣ್ಣದ ಕಣ, ಇವು ರೋಗಾಣುವಿನಂತೆಯೇ ಕಾಣುತ್ತವೆ. ಎಳೆಯ ರೋಗಾಣು ಉಂಗುರದಂತೆ ಕಾಣುತ್ತದೆ; ನಿಜವಾದ ಉಂಗುರಕ್ಕೆ ಕೆಂಪು ಚುಕ್ಕೆ, ನೀಲಿ ಬಳೆ ಎರಡೂ ಇರಬೇಕು. ಸೂಕ್ಷ್ಮದರ್ಶಕದ ತಿರುಪನ್ನು ಸ್ವಲ್ಪ ಆಡಿಸಿ ನೋಡಿ. ಮೇಲೆ ಕೂತದ್ದು ಕಣಕ್ಕಿಂತ ಬೇರೆ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ.

ಪಾಸಿಟಿವ್ ಬಂದ ಕೂಡಲೇ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗೆ ತಿಳಿಸಿ, ಸ್ಲೈಡನ್ನು ಮರುಪರೀಕ್ಷೆಗೆ ಕಳಿಸಿ. ಅದು ವಾಪಸು ಬಂದ ಮೇಲೆ ತೊಳೆದು ಇನ್ನೊಂದಕ್ಕೆ ಬಳಸಬೇಡಿ. ಎಣ್ಣೆ ತೆಗೆದು, ದಿನಾಂಕ ಮತ್ತು ಜಾತಿ ಬರೆದು, ಬಿಸಿಲು ತಾಗದ ಪೆಟ್ಟಿಗೆಯಲ್ಲಿ ಇಡಿ. ಮಲೇರಿಯಾ ಕಾಣಸಿಗದ ಲ್ಯಾಬಿಗೆ ಹೊಸದಾಗಿ ಸೇರಿದ ತಂತ್ರಜ್ಞರ ಕಣ್ಣು ಪಳಗಿಸಲು ಅಂಥ ಸ್ಲೈಡೇ ಬೇಕು.

ನಮಸ್ಕಾರ.