ಕೆರೆಯ ಹಸಿರನ್ನು ವಂಶವಾಹಿಯಲ್ಲಿ ಓದಬೇಕು

ಎಲ್ಲರಿಗೂ ನಮಸ್ಕಾರ. ಕೋಲಾರ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ಕಂಡ ಒಂದು ನೋಟದಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಗಾಳಿ ಒಂದೇ ದಿಕ್ಕಿಗೆ ಬೀಸಿದ್ದರಿಂದ, ತೂಬಿನ ಕಡೆಯ ಮೂಲೆಯಲ್ಲಿ ಹಸಿರು ಕೆನೆ ದಪ್ಪಗೆ ಕಟ್ಟಿತ್ತು. ಕಡ್ಡಿಯಿಂದ ಕೆದಕಿ ನೋಡಿದೆ. ಅದು ಎಳೆ ಎಳೆಯಾಗಿ ಬರಲಿಲ್ಲ. ಗೋಡೆಗೆ ಬಳಿಯುವ ಬಣ್ಣದಂತೆ ಕಡ್ಡಿಗೆ ಮೆತ್ತಿಕೊಂಡಿತು. ಅದೇ ಮೂಲೆಗೆ ಒಬ್ಬ ಅಕ್ಕ ಎರಡು ಸೀಮೆಹಸುಗಳನ್ನು ನೀರಿಗೆ ಹೊಡೆದುಕೊಂಡು ಬಂದರು. “ಈ ನೀರು ಕುಡಿಸಬಹುದೇನಕ್ಕಾ?” ಎಂದು ಕೇಳಿದೆ. “ಪಾಚಿ ಕಣಪ್ಪ, ಬಿಸಿಲು ಬಂದ್ರೆ ದಿನಾ ಇದೇ,” ಎಂದರು.

ಅವರ ಉತ್ತರದಲ್ಲಿ ತಪ್ಪೇನೂ ಇಲ್ಲ, ಏಕೆಂದರೆ ಅದಕ್ಕಿಂತ ಹೆಚ್ಚಿನದನ್ನು ನಾವು ಯಾರೂ ಅವರಿಗೆ ಹೇಳಿಲ್ಲ. ಕೆರೆಯ ಹಸಿರನ್ನು ‘ಪಾಚಿ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಬಿಟ್ಟು, ಅದರ ಡಿಎನ್‌ಎ ಓದಿ, ಅದರಲ್ಲಿ ವಿಷ ತಯಾರಿಸುವ ವಂಶವಾಹಿಗಳಿವೆಯೇ ಎಂದು ತಿಳಿಯಬೇಕು ಎಂಬುದು ನನ್ನ ಅಭಿಪ್ರಾಯ. ಈ ದಾರಿಯ ದೊಡ್ಡ ಪಾಲನ್ನು ತೆರೆದು ತೋರಿಸಿದವರು ಕಡಲಿನ ಸೂಕ್ಷ್ಮ ಪಾಚಿಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು. ಕಡಲೇ ಇಲ್ಲದ ನಮ್ಮ ಜಿಲ್ಲೆಗೆ ಆ ವಿದ್ಯೆ ಬೇಕು ಎನ್ನುವುದು ವಿಚಿತ್ರವಾಗಿ ಕೇಳಿಸಬಹುದು; ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಕಡಲಿನಿಂದ ಬಂದ ಚಿಪ್ಪುಮೀನು ತಿಂದ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೆಲವರು ತೀರಿಕೊಂಡರು, ಬದುಕಿದವರಲ್ಲಿ ಕೆಲವರು ಹೊಸದಾಗಿ ಏನನ್ನೂ ನೆನಪಿನಲ್ಲಿ ಇಟ್ಟುಕೊಳ್ಳಲಾರದ ಸ್ಥಿತಿಗೆ ಬಂದರು. ಕಾರಣವಾಗಿದ್ದ ವಿಷದ ಹೆಸರು ಡೊಮೋಯಿಕ್ ಆಮ್ಲ. ಅದನ್ನು ತಯಾರಿಸಿದ್ದು ಒಂದು ಡಯಾಟಮ್, ಅಂದರೆ ಗಾಜಿನಂಥ ಸಿಲಿಕಾ ಕವಚವಿರುವ ಏಕಕೋಶದ ಪಾಚಿ. ಡಯಾಟಮ್‌ಗಳು ಮನುಷ್ಯನಿಗೆ ವಿಷವಾಗಬಲ್ಲವು ಎಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಈ ಡಯಾಟಮ್ ಸೇರಿದ ಸ್ಯೂಡೋನಿಟ್ಶಿಯಾ ಕುಲದಲ್ಲಿ ವಿಷ ಮಾಡುವ ಪ್ರಭೇದಗಳೂ ಇವೆ, ಮಾಡದವೂ ಇವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸೂಜಿಯಂತೆ ಒಂದೇ ಬಗೆಯಾಗಿ ಕಾಣುತ್ತವೆ. ಕೊನೆಗೆ 2018ರಲ್ಲಿ, ಆ ವಿಷವನ್ನು ಕಟ್ಟುವ ವಂಶವಾಹಿಗಳ ಗೊಂಚಲನ್ನು ಸಂಶೋಧಕರು ಪತ್ತೆ ಮಾಡಿದರು. ಅವರು ಹುಡುಕಿದ ಬಗೆ ನನಗೆ ಬಹಳ ಇಷ್ಟವಾದದ್ದು: ಪಾಚಿಗೆ ರಂಜಕದ ಕೊರತೆ ಮಾಡಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ, ಆ ಸಂಕಟದಲ್ಲಿ ಯಾವ ಯಾವ ವಂಶವಾಹಿಗಳು ಚುರುಕಾಗುತ್ತವೆ ಎಂದು ನೋಡಿ ಹಿಡಿದರು.

ಇಷ್ಟು ದೂರ ಬರಲು ಅದಕ್ಕೂ ಮೊದಲಿನ ಕೆಲಸ ಬೇಕಾಗಿತ್ತು. 2004ರಲ್ಲಿ ಮೊದಲ ಬಾರಿಗೆ ಒಂದು ಡಯಾಟಮ್‌ನ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎಯ ಪೂರ್ತಿ ಬರಹ, ಪ್ರಕಟವಾಯಿತು; ಸುಮಾರು 3.4 ಕೋಟಿ ಅಕ್ಷರಗಳ ಆ ಬರಹದಲ್ಲಿ, ಪ್ರಾಣಿಗಳಿಗಷ್ಟೇ ಮೀಸಲು ಎಂದುಕೊಂಡಿದ್ದ ಯೂರಿಯಾ ಚಕ್ರದ (ಹೆಚ್ಚುವರಿ ಸಾರಜನಕವನ್ನು ಯೂರಿಯಾ ಆಗಿಸುವ ಕ್ರಿಯೆಯ) ವಂಶವಾಹಿಗಳೂ ಸಿಕ್ಕವು. 2009ರಿಂದ 2013ರವರೆಗೆ ಟಾರಾ ಎಂಬ ಹಾಯಿಹಡಗು ಲೋಕದ ಕಡಲುಗಳನ್ನೆಲ್ಲ ಸುತ್ತಿ, ನೀರನ್ನು ಸೋಸಿ, ಅದರಲ್ಲಿದ್ದ ಡಿಎನ್‌ಎಯನ್ನು ಒಟ್ಟಾಗಿ ಓದಿಸಿತು. ಜೀವಿಯನ್ನು ಕಣ್ಣಿನಿಂದ ನೋಡದೆಯೇ, ನೀರಿನಲ್ಲಿ ಯಾರು ಯಾರು ವಾಸವಾಗಿದ್ದಾರೆ ಎಂದು ಹೇಳುವ ಪದ್ಧತಿ ಅಂಥ ಯಾನಗಳಿಂದ ಗಟ್ಟಿಯಾಯಿತು.

ಈಗ ನಮ್ಮ ಕೆರೆಗೆ ಬರೋಣ. ಬಣ್ಣದಂತೆ ಮೆತ್ತಿಕೊಳ್ಳುವ ಹಸಿರು ಕೆನೆ ಸಾಮಾನ್ಯವಾಗಿ ನೀಲಿ-ಹಸಿರು ಪಾಚಿಯದು. ಹೆಸರಿಗೆ ಪಾಚಿಯಾದರೂ ಅದು ಬ್ಯಾಕ್ಟೀರಿಯಾಗಳ ಬಳಗಕ್ಕೆ ಸೇರಿದ್ದು. ಸಿಹಿನೀರಿನಲ್ಲಿ ಹೆಚ್ಚಾಗಿ ಕಾಣುವ ಮೈಕ್ರೋಸಿಸ್ಟಿಸ್‌ನಲ್ಲಿ ಎರಡು ಬಗೆಯ ತಳಿಗಳಿವೆ. ಒಂದರ ಜೀನೋಮ್‌ನಲ್ಲಿ ‘ಎಂಸಿವೈ’ ಎಂಬ ವಂಶವಾಹಿ ಗುಂಪಿದ್ದು, ಅದು ಯಕೃತ್ತನ್ನು ಕೆಡಿಸುವ ಮೈಕ್ರೋಸಿಸ್ಟಿನ್ ವಿಷವನ್ನು ತಯಾರಿಸುತ್ತದೆ, ಇನ್ನೊಂದರಲ್ಲಿ ಅದಿಲ್ಲ. ಎರಡೂ ಒಂದೇ ಕೆರೆಯಲ್ಲಿ, ಒಂದೇ ಕೆನೆಯಲ್ಲಿ ಇರಬಹುದು, ಮತ್ತು ಎಷ್ಟು ಒಳ್ಳೆಯ ಸೂಕ್ಷ್ಮದರ್ಶಕ ತಂದರೂ ನೋಟದಿಂದ ಅವನ್ನು ಬೇರ್ಪಡಿಸಲಾಗದು. ಈ ವಿಷ ಕುದಿಸಿದರೆ ಹೋಗುವುದಿಲ್ಲ. ದ್ರಾಕ್ಷಿ ತೋಟಕ್ಕೆ ಬಳಸುವ ಮೈಲುತುತ್ತವನ್ನು ನೀರಿಗೆ ಹಾಕಿದರೆ ಪಾಚಿ ಸಾಯುತ್ತದೆ ಎಂಬುದು ನಿಜ, ಆದರೆ ಸಾಯುವಾಗ ಕೋಶ ಒಡೆದು, ಒಳಗಿದ್ದ ವಿಷವೆಲ್ಲ ನೀರಿಗೆ ಸೇರುತ್ತದೆ.

ದನಕರುಗಳ ವಿಚಾರವಂತೂ ಹೊಸದಲ್ಲ. 1878ರಲ್ಲಿಯೇ, ದಕ್ಷಿಣ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಹಸಿರು ಕೆನೆ ಕುಡಿದ ಕುರಿ, ಕುದುರೆಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಹಾಲು ಮಾರಿ ಸಂಸಾರ ತೂಗಿಸುವ ಮನೆಗಳೇ ತುಂಬಿರುವ ಕೋಲಾರದಲ್ಲಿ ಈ ಸಂಗತಿ ಮನೆಮಾತಾಗಬೇಕಿತ್ತು.

ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಬರುತ್ತಿದೆ. ಬತ್ತಿದ ಕೆರೆಗಳು ತುಂಬಿದಾಗ ನನಗಾದ ಸಂತೋಷ ಸಣ್ಣದಲ್ಲ, ಆ ನೀರನ್ನು ನಿಲ್ಲಿಸಿ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಎರಡನೇ ಹಂತದವರೆಗಷ್ಟೇ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದೇ ಇರುತ್ತವೆ. ಅವು ಪಾಚಿಗೆ ಗೊಬ್ಬರ. ನೀರು ಕೊಡುವವರು ಅದರಲ್ಲಿ ಬೆಳೆಯುವುದರ ಲೆಕ್ಕವನ್ನೂ ಕೊಡಬೇಕು.

ಪರೀಕ್ಷೆ ಆಕಾಶದ ಮೇಲಿನದೇನಲ್ಲ. ಅರ್ಧ ಲೀಟರ್ ನೀರನ್ನು, ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಳಿಯ ಸೋಸುಕಾಗದದ ಮೂಲಕ ಎಳೆಯುತ್ತಾರೆ. ನೋಡನೋಡುತ್ತ ಕಾಗದ ಹಸಿರಾಗುತ್ತದೆ; ನೀರು ಇಳಿಯುವ ವೇಗ ಕಡಿಮೆಯಾಗುತ್ತ ಬಂದು ಕೊನೆಗೆ ತೊಟ್ಟಿಕ್ಕುತ್ತದೆ. ಆ ಕಾಗದವನ್ನು ಮಡಚಿ, ತಣ್ಣಗೆ ಕಾಯ್ದಿಟ್ಟು, ಡಿಎನ್‌ಎ ಬಿಡಿಸಿ, ಬೇಕಾದ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರದಲ್ಲಿ ಎಂಸಿವೈ ವಂಶವಾಹಿಯನ್ನು ಹುಡುಕುತ್ತಾರೆ. ಕೋವಿಡ್ ಕಾಲದಲ್ಲಿ ಈ ಯಂತ್ರದ ಹೆಸರು ಕೇಳದ ಹಳ್ಳಿ ಉಳಿದಿಲ್ಲ. ವಂಶವಾಹಿ ಸಿಕ್ಕ ಮಾತ್ರಕ್ಕೆ ನೀರು ವಿಷವೆಂದು ತೀರ್ಮಾನಿಸುವಂತಿಲ್ಲ; ಅದು ಚುರುಕಾಗಿದೆಯೇ, ವಿಷ ಎಷ್ಟಿದೆ ಎಂದು ರಾಸಾಯನಿಕವಾಗಿಯೂ ಅಳೆಯಬೇಕು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಆದರೆ ನೂರಾರು ಕೆರೆಗಳಲ್ಲಿ ಯಾವುದನ್ನು ಮೊದಲು ಅಳೆಯಬೇಕು ಎಂದು ಬೆರಳಿಟ್ಟು ತೋರಿಸಲು ಈ ವಂಶವಾಹಿ ಪರೀಕ್ಷೆಯೇ ತಕ್ಕದ್ದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಇದು ನಡೆದು, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರೆಸಲಿದ್ದೇನೆ. ಅಲ್ಲಿಯವರೆಗೆ, ಕೆನೆ ಕಟ್ಟಿದ ದಿನ ಹಸುಗಳಿಗೆ ಬೋರ್‌ವೆಲ್ ತೊಟ್ಟಿಯ ನೀರನ್ನೇ ಕುಡಿಸಿ ಎಂದು ಆ ಅಕ್ಕನಿಗೆ ಹೇಳಿ ಬಂದಿದ್ದೇನೆ.